ಅಕ್ಕನ ಲೈನು

ಇದು ಯಾರೋ ಹೇಳಿದ್ದನ್ನು ಇನ್ಯಾರೋ ಕೇಳಿ ಬಂದ ಸುದ್ದಿಯಲ್ಲ. ನಮ್ಮ ದೊಡ್ಡಪ್ಪನ ಮಗನಿಗೆ ಆಗಿದ್ದು. ಚಿಕ್ಕಂದಿನಲ್ಲಿ ಕೈಗೆ ಸಿಕ್ಕ ಟೇಪ್ ರೆಕಾರ್ಡರನ್ನೆಲ್ಲ ಬಿಚ್ಚಿ ಹಾಕುತ್ತಿದ್ದನಲ್ಲ, ಮನೆಯವರೆಲ್ಲ ಅವನನ್ನು ಟೇಪು ಅಂತಲೇ ಕರೆಯುವುದು.

ಆ ರಾತ್ರಿ ಕೆಲಸ ಮುಗಿಸಿ ನಡೆದು ಬರುತ್ತಿದ್ದ. ದಾರಿಯಲ್ಲೊಂದು ಹಾಳುಬಾವಿ, ಮೇಲೆ ಕಬ್ಬಿಣದ ಜಾಲರಿ. ದಿನಾ ದಾಟುವ ಬಾವಿಯೇ. ಅವತ್ತು ಹತ್ತಿರ ಬಂದರೆ ಒಳಗಿಂದ ಸದ್ದು... ನೀರಿನದಲ್ಲ. ಕಪ್ಪೆಯದೂ ಅಲ್ಲ. ಉಸಿರು. ಗಂಟಲು ಕಟ್ಟಿದವರು ಮಾತಾಡಲು ಒದ್ದಾಡಿದರೆ ಬರುತ್ತದಲ್ಲ, ಹಾಗೆ. ಹ್... ಹ್ಹ್... ಸ್ಸ್... ಮತ್ತೆ ಹ್...

ಟೇಪು ನಿಂತುಬಿಟ್ಟ. ಈ ಉಸಿರನ್ನು ಅವನು ಮೊದಲೇ ಕೇಳಿದ್ದ. ಎಲ್ಲಿ ಅಂತ ನೆನಪಾದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದ.

ಈಗ ಅಕ್ಕನ ವಿಷಯ ಹೇಳಬೇಕು. ಟೇಪು ಒಂದು ಫೋನ್ ಲೈನ್ ನಡೆಸುತ್ತಿದ್ದ. ರಾತ್ರಿ ನಿದ್ದೆ ಬಾರದವರು, ಮನೆಯಲ್ಲಿ ಜಗಳವಾಡಿಕೊಂಡವರು, ಯಾರನ್ನೋ ಕಳೆದುಕೊಂಡವರು ಕರೆ ಮಾಡುತ್ತಿದ್ದರು. ಮಾತಾಡುತ್ತಿದ್ದವಳು ಅಕ್ಕ. ಇವನಿಗೇನೂ ಸಂಬಂಧವಲ್ಲ, ಎಲ್ಲರೂ ಹಾಗೆ ಕರೆಯುತ್ತಿದ್ದರು ಅಷ್ಟೆ. ಅವಳು ದೊಡ್ಡ ಬುದ್ಧಿಮಾತೇನೂ ಹೇಳುತ್ತಿರಲಿಲ್ಲ. “ಹೂಂ... ಹೇಳು.” “ಗಾಬರಿಯಾಗಬೇಡ, ನಾನಿದ್ದೀನಲ್ಲ.” “ಈಗ ಮಲಕೋ.” ಇಷ್ಟೇ. ಆದರೆ ಆ ಧ್ವನಿ ಕೇಳಿದರೆ ಅಳುವವರು ಅಳು ನಿಲ್ಲಿಸುತ್ತಿದ್ದರು. ಕರೆಗಳು ಬರುತ್ತಿದ್ದದ್ದು ಕಂಪ್ಯೂಟರಿಗೆ. ಟೇಪು ಒಂದನ್ನೂ ಬಿಡದೆ ರೆಕಾರ್ಡ್ ಮಾಡಿಟ್ಟಿದ್ದ.

ಅಕ್ಕನಿಗೆ ಗಂಟಲ ಕಾಯಿಲೆ ಬಂತು. ರಜೆ ಹಾಕಿದಳು. ಲೈನು ನಿಲ್ಲಬಾರದಲ್ಲ, ಇವನು ತಲೆ ಓಡಿಸಿದ. ಹಳೆಯ ರೆಕಾರ್ಡಿಂಗಿನಿಂದ ಅವಳ ಮಾತುಗಳನ್ನು ಕತ್ತರಿಸಿ, ಕೀಬೋರ್ಡಿನ ಒಂದೊಂದು ಕೀಗೆ ಒಂದೊಂದು ಮಾತು ಕೂರಿಸಿದ. ಮೈಕನ್ನು ಕಿತ್ತ. ಸ್ಪೀಕರಿಗೆ ಹೋಗುವ ಧ್ವನಿಯನ್ನು ಒಂದು ವೈರಿನಲ್ಲಿ ತಂದು, ಮೈಕ್ ಚುಚ್ಚುವ ತೂತಿಗೇ ಚುಚ್ಚಿದ. ಕಂಪ್ಯೂಟರ್ ಹೇಳಿದ್ದು ಕಂಪ್ಯೂಟರಿನ ಕಿವಿಗೇ ಹೋಗಿ, ಅಲ್ಲಿಂದ ಕರೆ ಮಾಡಿದವರಿಗೆ. ಅವರಿಗೆ ಅಕ್ಕ ಎದುರು ಕೂತು ಮಾತಾಡಿದ ಹಾಗೇ ಇತ್ತು. ಒಬ್ಬರಿಗೂ ಗೊತ್ತಾಗಲಿಲ್ಲ.

ಅಲ್ಲಿಗೆ ಬಿಟ್ಟಿದ್ದರೆ ಏನೋ ಒಂದು ಅನ್ನಬಹುದಿತ್ತು. ಸ್ವಲ್ಪ ಗುಣವಾಗಿ ಅಕ್ಕ ವಾಪಸು ಬಂದರೆ, ಇವನು ಬಾಗಿಲಲ್ಲೇ ನಿಲ್ಲಿಸಿದ.

“ನಿಮ್ಮ ಮಾತೆಲ್ಲ ಇಲ್ಲೇ ಇದೆ ಅಕ್ಕ. ಇನ್ನು ಮನೇಲಿ ಆರಾಮಾಗಿರಿ.”

“ನನ್ನ ಧ್ವನಿ ಬೇಕು, ನಾನು ಬೇಡ್ವೇನೋ?”

ಇವನು ಬಾಗಿಲಿಗೆ ಅಡ್ಡವಾಗಿಯೇ ನಿಂತ.

“ಹಂಗಾದ್ರೆ ಅಳಿಸಿಬಿಡೋ ತಮ್ಮ. ನಾನಿಲ್ಲದ ಕಡೆ ನನ್ನ ಬಾಯಿ ಮಾತಾಡಬಾರದು.”

“ಹೂಂ, ಅಳಿಸ್ತೀನಿ,” ಅಂದ. ಅಳಿಸಲಿಲ್ಲ. ನಮ್ಮವನು ಅಂತ ನಾನೇಕೆ ಮುಚ್ಚಿಡಲಿ, ಮಾಡಿದ್ದು ಪಾಪದ ಕೆಲಸ.

ಅದಾದ ಮೇಲೆ ಒಂದು ರಾತ್ರಿ ಲೈನಿಗೆ ಕರೆ ಬಂತು. ಮಾತಿಲ್ಲ. ಬರೀ ಉಸಿರು... ಹ್... ಹ್ಹ್... ಸ್ಸ್... ಟೇಪು ಚಹಾ ಕುಡಿಯುತ್ತ ಒಂದು ಕೀ ಒತ್ತಿದ. “ಹೂಂ... ಹೇಳು.” ಉಸಿರು ಜೋರಾಯಿತು. ಇನ್ನೊಂದು ಒತ್ತಿದ. “ಗಾಬರಿಯಾಗಬೇಡ, ನಾನಿದ್ದೀನಲ್ಲ.” ಆ ಕಡೆ ಏನೋ ಧಪ್ಪೆಂದು ಬಿತ್ತು. ಆಮೇಲೆ ಸದ್ದಿಲ್ಲ. ಯಾರೋ ಕುಡಿದವರು ಅಂದುಕೊಂಡು ಕರೆ ಮುಗಿಸಿದ.

ಆ ಕರೆ ಅಕ್ಕನದು. ಗಂಟಲು ಪೂರ್ತಿ ಕಟ್ಟಿಕೊಂಡು ಉಸಿರಿಗೆ ಒದ್ದಾಡುವಾಗ, ಅಂಥ ಹೊತ್ತಿನಲ್ಲಿ ಯಾರಾದರೂ ಎತ್ತುತ್ತಾರೆ ಅಂತ ಅವಳಿಗೆ ಗೊತ್ತಿದ್ದ ನಂಬರು ಅದೊಂದೇ. ಎತ್ತಿದ್ದು ಅವಳದೇ ಧ್ವನಿ. ತನ್ನ ಬಾಯಿಂದಲೇ ಸಮಾಧಾನ ಹೇಳಿಸಿಕೊಂಡು ಸತ್ತಳು. ಮರುದಿನ ಪಕ್ಕದ ಮನೆಯವರು ಬಾಗಿಲು ಒಡೆದಾಗ ಫೋನು ಕೈಯಲ್ಲೇ ಇತ್ತಂತೆ, ಕೊನೆಯ ಕರೆ ಈ ಲೈನಿಗೇ. ಸುದ್ದಿ ಟೇಪುವಿಗೆ ತಲುಪಿತು. ಹೆಂಡತಿಗೂ ಹೇಳದೆ ನುಂಗಿಕೊಂಡ. ಬಾವಿಯಲ್ಲಿ ಉಸಿರು ಕೇಳಿದ್ದು ಆ ಸುದ್ದಿ ಬಂದ ದಿನದ ರಾತ್ರಿಯೇ.

ಬಾವಿಯಿಂದ ಮನೆಗೆ ಹೋಗಲಿಲ್ಲ ಅವನು. ಈಗಲೇ ಎಲ್ಲ ಅಳಿಸಿಬಿಡುತ್ತೇನೆ ಅಂತ ಬಾಯಲ್ಲೇ ಗೊಣಗುತ್ತ ಲೈನಿನ ಆಫೀಸಿಗೆ ವಾಪಸು ಓಡಿದ. ಕಂಪ್ಯೂಟರಿದ್ದ ರೆಕಾರ್ಡಿಂಗ್ ಕೋಣೆಗೆ ಹೋಗುವ ಮುಂಚೆ ಫೋನನ್ನು ಹೊರಗಿನ ಬುಟ್ಟಿಯಲ್ಲಿಡುವುದು ಅಲ್ಲಿಯ ಕಟ್ಟಳೆ. ಹತ್ತಿರವಿದ್ದರೆ ಟಿಟಿಕ್ ಟಿಟಿಕ್ ಝ್ಝ್ ಅಂತ ರೆಕಾರ್ಡಿಂಗಿಗೆ ಸೇರಿಕೊಳ್ಳುತ್ತದೆ. ಅಷ್ಟು ಹೆದರಿದ್ದರೂ ಕೈ ತಾನಾಗಿ ಫೋನನ್ನು ಬುಟ್ಟಿಗೆ ಹಾಕಿತು. ಒಳಗೆ ಕಾಲಿಟ್ಟ. ದಪ್ಪ ಬಾಗಿಲು ಹಿಂದೆ ಧಬ್ ಅಂತ ಮುಚ್ಚಿತು. ಕಟಕ್... ತಿರುಗಿ ಎಳೆದರೆ ಹಿಡಿ ಕೈಗೇ ಕಿತ್ತು ಬಂತು.

ಗುದ್ದಿದ. ಕೂಗಿದ. ಗೋಡೆಗೆಲ್ಲ ಸದ್ದು ಹೀರುವ ಸ್ಪಂಜು, ಕೂಗು ಅಲ್ಲಲ್ಲೇ ಸತ್ತುಹೋಯಿತು. ಎ.ಸಿ. ಗುರ್ ಅಂತ ನಿಂತಿತು. ಕಿಟಕಿಯಿಲ್ಲದ ಕೋಣೆ.

ಆಗ ಲೈನಿಗೆ ಕರೆ ಬಂತು. ಕಂಪ್ಯೂಟರ್ ತಾನಾಗಿಯೇ ಎತ್ತಿಕೊಂಡಿತು.

“ಅಕ್ಕ... ನಾನು, ಅವರ ಮನೆಯವಳು.” ಅವನ ಹೆಂಡತಿ. ಪಿಸುಮಾತು, ಮಗು ಮಲಗಿತ್ತು ಅಂತ ಕಾಣುತ್ತೆ. “ಇವರು ಇನ್ನೂ ಬಂದಿಲ್ಲ. ಫೋನ್ ಎತ್ತುತ್ತಿಲ್ಲ. ಯಾಕೋ ಜೀವ ಹೊಡ್ಕೋತಿದೆ. ಅಲ್ಲೇ ಇದ್ದಾರಾ?”

ಟೇಪು ಓಡಿಬಂದು ವೈರನ್ನು ಕಿತ್ತ. ಮೈಕು ಇರಲಿಲ್ಲ, ಯಾರಿಗೋ ಕೊಟ್ಟಿದ್ದ. ಹೆಡ್‌ಫೋನನ್ನು ಮೈಕಿನ ತೂತಿಗೆ ಚುಚ್ಚಿದರೆ ಅದೇ ಮೈಕಾಗುತ್ತದೆ, ಅದು ಅವನಿಗೆ ಗೊತ್ತು. ಚುಚ್ಚಿ, ಬಾಯಿಗಿಟ್ಟುಕೊಂಡು ಕಿರುಚಿದ. “ನಾನು ಕಣೇ. ಒಳಗಿದ್ದೀನಿ. ಬಾಗಿಲು ತೆಗಿ.”

“ಹೂಂ...” ಅಂದಿತು ಅಕ್ಕನ ಧ್ವನಿ. ಯಾವ ಕೀಯನ್ನೂ ಯಾರೂ ಒತ್ತಿರಲಿಲ್ಲ.

“ಅಬ್ಬ. ಇದ್ದಾರಲ್ಲ, ಸದ್ಯ,” ಅಂದಳು ಹೆಂಡತಿ.

“ಗಾಬರಿಯಾಗಬೇಡ, ನಾನಿದ್ದೀನಲ್ಲ.”

“ಬಾಗಿಲು ತೆಗಿಯೇ...” ಇವನು ಮತ್ತೆ ಕಿರುಚಿದ.

“ಅವನು ಬರೋದು ತಡ ಆಗುತ್ತೆ,” ಅಂದಿತು ಧ್ವನಿ. ಮೆತ್ತಗೆ. ಈ ಮಾತು ಅವನ ಕಂಪ್ಯೂಟರಿನಲ್ಲಿ ಇರಲೇ ಇಲ್ಲ. “ನೀನೀಗ ಮಲಕೋ.”

ಟಿಕ್. ಕರೆ ಹೋಯಿತು. ಬೆಳಗಿನತನಕ ಕೂಗಿದ ಅಂತ ಕಾಣುತ್ತೆ. ಕೊನೆಗೆ ಅವನ ಗಂಟಲಿನಿಂದ ಬರುತ್ತಿದ್ದದ್ದೂ ಅದೇ... ಹ್... ಹ್ಹ್... ಸ್ಸ್...

ಬೆಳಿಗ್ಗೆ ಕಸ ಗುಡಿಸುವ ಹೆಂಗಸು ಹೊರಗಿನಿಂದ ತಳ್ಳಿದಳು. ಬಾಗಿಲು ಸಲೀಸಾಗಿ ತೆರೆಯಿತು.

ಜೀವ ಉಳಿಯಿತು. ಗಂಟಲಿನ ಗಾಯ ಮಾಯ್ದಿದೆ, ಏನೂ ತೊಂದರೆಯಿಲ್ಲ ಅನ್ನುತ್ತಾರೆ ಡಾಕ್ಟರು. ಆದರೆ ಧ್ವನಿ ಬರಲಿಲ್ಲ. ಈಗ ಎಲ್ಲ ಕೈಸನ್ನೆ. ನಡೆದದ್ದನ್ನೆಲ್ಲ ನನಗೆ ಬರೆದು ತೋರಿಸಿದ. ಲೈನನ್ನು ಅವತ್ತೇ ನಿಲ್ಲಿಸಿದರು, ಆ ನಂಬರೂ ರದ್ದಾಗಿದೆ.

ಮೊನ್ನೆ ನಾನು ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಅತ್ತಿಗೆಗೆ ಏನನ್ನಿಸಿತೋ, “ಒಂದ್ಸಲ ನೋಡೋಣ,” ಅಂತ ಆ ನಂಬರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ರಿಂಗಾಯಿತು. ಯಾರೋ ಎತ್ತಿದರು.

“ನಾನು ಕಣೇ. ಒಳಗಿದ್ದೀನಿ. ಬಾಗಿಲು ತೆಗಿ.”

ಟೇಪುವಿನ ಧ್ವನಿ. ಅವನು ನನ್ನ ಎದುರಿಗೇ ಕೂತಿದ್ದ, ಬಾಯಲ್ಲಿ ತುತ್ತು ಇತ್ತು, ತುಟಿ ಮುಚ್ಚಿತ್ತು. ನನ್ನ ಕಿವಿಯಾರೆ ಕೇಳಿದ್ದು ಇದು. ಸುಳ್ಳು ಹೇಳಿ ನನಗೇನು ಆಗಬೇಕಾಗಿದೆ?

ಅವನು ಎಂಜಲು ಕೈಯಲ್ಲೇ ಎದ್ದು ಹೋಗಿ ಬೀದಿಬಾಗಿಲಿನ ಚಿಲಕ ತೆಗೆದು, ಬಾಗಿಲನ್ನು ಪೂರ್ತಿ ತೆರೆದಿಟ್ಟು ಬಂದು ಕೂತ. ಅವತ್ತಿನಿಂದ ಆ ಮನೆಯಲ್ಲಿ ರಾತ್ರಿ ಬಾಗಿಲು ಹಾಕುವುದಿಲ್ಲ. ಈಗಲೂ ತೆರೆದೇ ಇರುತ್ತದೆ, ಬೇಕಾದರೆ ಹೋಗಿ ನೋಡಿ.