ಮಳೆಯಲ್ಲೂ ನೀರು ಕುಡಿದ ಕರಿಬೇವು

ಜೂನ್ ಹನ್ನೊಂದು, ಭಾನುವಾರ, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಹೊರಗೆ ಜೋರು ಮಳೆ. ಆ ಮಳೆಯಲ್ಲೇ ಒಂದು ಮನೆಯ ಹಿತ್ತಲಲ್ಲಿ ನಲ್ಲಿ ತಾನಾಗಿ ತೆರೆದುಕೊಂಡಿತು. ಪೈಪು ಒಮ್ಮೆ ನಡುಗಿ ಗಿಡದ ಬುಡಕ್ಕೆ ನೀರು ಬಿಡತೊಡಗಿತು. ಕೊಡೆ ಹಿಡಿದು ಹಾಲು ತರಲು ಹೊರಟಿದ್ದ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆ ನಿಂತು, “ಏನ್ರೀ, ನಿಮ್ಮನೇಲಿ ಮಳೆಗೂ ನೀರು ಕುಡಿಸ್ತೀರಾ?” ಎಂದು ಕೇಳಿದಳು. ನೀವು ನಗುತ್ತಿದ್ದೀರಿ. ನಗಿ, ಪರವಾಗಿಲ್ಲ. ಈ ಕಥೆಯಲ್ಲಿ ನಗುವ ಜಾಗ ಇದೊಂದೇ.

ಆ ಮನೆ ಯಾರದು? ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ, ಅವನದು. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ನಿಮ್ಮ ಮನೆ ಬಿಟ್ಟು ಅವನ ಮನೆ ಹುಡುಕಿಕೊಂಡು ಹೋಗುತ್ತೀರಿ. ಅವನು ಕೆಟ್ಟವನಲ್ಲ, ನೋಡಿ. ಕುಡಿಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಹೆಂಡತಿ ಎಂದರೆ ಅವನಿಗೆ ಪ್ರಾಣ. ಕೆಟ್ಟವನ ಕಥೆಯಾಗಿದ್ದರೆ ನಾನು ನಿಮಗೆ ಹೇಳುತ್ತಲೇ ಇರಲಿಲ್ಲ. ಇದು ನಮ್ಮ ಕಥೆಯಲ್ಲ ಎಂದು ಎದ್ದು ಹೋಗುತ್ತಿದ್ದಿರಿ.

ಆ ಹಿತ್ತಲಲ್ಲಿ ಆಳೆತ್ತರದ ಒಂದು ಕರಿಬೇವಿನ ಗಿಡ. ಹೆಂಡತಿಯ ತವರಿನಲ್ಲಿ ಎಲ್ಲರೂ ತೀರಿಕೊಂಡು, ಮನೆ ಬೇರೆಯವರ ಪಾಲಾದಾಗ, ಆಕೆ ಅಲ್ಲಿಂದ ಪಾತ್ರೆ ಪಗಡ ಏನೂ ತರಲಿಲ್ಲ. ಅಡುಗೆಮನೆಯ ಹಿಂದೆ ತಾಯಿ ಬೆಳೆಸಿದ್ದ ಕರಿಬೇವಿನ ಬುಡದಿಂದ ಒಂದು ಮರಿಗಿಡ ಕಿತ್ತು, ಒದ್ದೆ ಬಟ್ಟೆ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದಳು. ಆಕೆಗೆ ಉಳಿದ ತವರು ಅಷ್ಟೇ.

ದಿನಾ ಬೆಳಗ್ಗೆ ಆಕೆ ಪೈಪು ಹಿಡಿದು ಹಿತ್ತಲಲ್ಲಿ ನಿಲ್ಲುತ್ತಿದ್ದಳು. ನೀರು ಬಿಡುವ ಮೊದಲು ಬಗ್ಗಿ ಮಣ್ಣಿಗೆ ತೋರುಬೆರಳು ಇಳಿಸುತ್ತಿದ್ದಳು. ಕೆಲವು ದಿನ, “ಇವತ್ತು ಇದಕ್ಕೆ ಬೇಡವಂತೆ” ಎಂದು ಮುಂದಿನ ಗಿಡಕ್ಕೆ ಹೋಗುತ್ತಿದ್ದಳು. ಹಿತ್ತಲ ಕಡೆಯ ಜಗಲಿಯಲ್ಲಿ ಕೂತ ಗಂಡ ಪೇಪರಿನಿಂದ ತಲೆಯೆತ್ತಿ, “ಬೇಡ ಅಂತ ನಿನ್ನ ಕಿವೀಲಿ ಹೇಳ್ತಾ?” ಎಂದು ಛೇಡಿಸುತ್ತಿದ್ದ. ಆಕೆ ನೀರಿಗೆ ನಿಂತದ್ದು ಕಂಡರೆ ಸಾಕು, ಅಕ್ಕಪಕ್ಕದ ಹೆಂಗಸರು ಕಾಂಪೌಂಡಿಗೆ ಬರುತ್ತಿದ್ದರು. ದೀಪ ಹಚ್ಚಿದ ಮೇಲೆ ಕರಿಬೇವು ಕೀಳಬಾರದೆಂದು ಆ ಕಡೆಯ ರೂಢಿ, ಆದ್ದರಿಂದ ಕೇಳುವುದೆಲ್ಲ ಬೆಳಗ್ಗೆಯೇ. ಒಂದು ಎಸಳು ಕರಿಬೇವಿಗೆ ಅರ್ಧ ಗಂಟೆ ಮಾತು. ಯಾರ ಮನೆಯಲ್ಲಿ ಬಾಣಂತನ, ಯಾರಿಗೆ ಜ್ವರ, ಯಾರ ಸೊಸೆ ಮುನಿಸಿಕೊಂಡಿದ್ದಾಳೆ, ಎಲ್ಲ ಆ ಗೋಡೆಯ ಮೇಲೆ.

ಆಕೆಗೆ ಮಂಡಿನೋವು ಶುರುವಾಯಿತು. ಗಂಡನಿಗೆ ಸಂಕಟ. ಯುಗಾದಿ ಕಳೆದ ವಾರ ಅವನು ನಲ್ಲಿಯ ಬಾಯಿಗೆ ಹಾಕುವ ಒಂದು ಟೈಮರ್ ತಂದ. ಹೊತ್ತು ಹೇಳಿಟ್ಟರೆ ಅದೇ ತೆರೆಯುತ್ತದೆ, ಅದೇ ಮುಚ್ಚುತ್ತದೆ. ಪೈಪಿಗೆ ಅಲ್ಲಲ್ಲಿ ತೂತು ಮಾಡಿಸಿ ಗಿಡಗಳ ಬುಡದಲ್ಲಿ ಹಾಯಿಸಿದ. ಬೆಳಗ್ಗೆ ಹತ್ತು ನಿಮಿಷ ಎಂದು ಗೊತ್ತು ಮಾಡಿ, “ಇನ್ಮೇಲೆ ನೀನು ಆರಾಮಾಗಿ ಮಲ್ಕೋ ಕಣೇ” ಎಂದ. ಹೇಳಿ, ಇದರಲ್ಲಿ ತಪ್ಪೇನಿದೆ? ಪ್ರೀತಿಯಿಂದ ಮಾಡಿದ್ದಲ್ಲವೇ?

ಮೇ ತಿಂಗಳಲ್ಲಿ ಕರಿಬೇವಿನ ಎಲೆ ಹಳದಿಯಾಗಿ ಜೋತುಬಿತ್ತು. ಅವನು ನೋಡಿದ, ಬಿಸಿಲು ಜಾಸ್ತಿ, ನೀರು ಸಾಲದು ಎಂದುಕೊಂಡ. ಟೈಮರನ್ನು ಇಪ್ಪತ್ತು ನಿಮಿಷಕ್ಕೆ ಏರಿಸಿದ. ಇನ್ನಷ್ಟು ಬಾಡಿತು. ಮತ್ತೂ ಏರಿಸಿದ.

ಇಲ್ಲಿ ಒಂದು ನಿಮಿಷ ನಿಲ್ಲಿ. ನಾನು ಈ ಕಾವಿ ತೊಡುವ ಮೊದಲು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವನು. ಬೇರಿಗೂ ಉಸಿರಾಟವಿದೆ. ಮಣ್ಣಿನ ಕಣಗಳ ನಡುವಿನ ಗಾಳಿಯೇ ಅದರ ಉಸಿರು. ಜೇಡಿಮಣ್ಣಿನಲ್ಲಿ ನೀರು ಇಂಗದೆ ನಿಂತರೆ ಆ ಗಾಳಿ ಹೊರಟುಹೋಗುತ್ತದೆ, ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದು. ಆಗ ಎಲೆ ಬಾಡುತ್ತದೆ. ನೋಡಿ, ನೀರಿಲ್ಲದೆ ಸಾಯುವ ಗಿಡವೂ ಬಾಡುತ್ತದೆ, ನೀರು ಹೆಚ್ಚಾಗಿ ಸಾಯುವ ಗಿಡವೂ ಬಾಡುತ್ತದೆ. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ಜಗಲಿಯ ಮೇಲೆ ಕೂತವನಿಗೆ ವ್ಯತ್ಯಾಸ ತಿಳಿಯುವುದಿಲ್ಲ. ತಿಳಿಯುವುದೇ ಇಲ್ಲ.

ಆಕೆಗೆ ತಿಳಿದಿತ್ತು. ಒಂದು ದಿನ ಊಟ ಬಡಿಸುತ್ತ, “ನೀರು ಜಾಸ್ತಿ ಆಯ್ತು ಅನ್ಸುತ್ತೆ ರೀ” ಎಂದಳು. ಅವನು ನಕ್ಕು, ಅದು ಮಿಷನ್ನು, ನಿನ್ನ ಬೆರಳಿಗಿಂತ ಅದಕ್ಕೆ ಲೆಕ್ಕ ಚೆನ್ನಾಗಿ ಗೊತ್ತು ಎಂದ. ಎದುರಿಗೆ ನೆಂಟರಿದ್ದರು, ಅವರೂ ನಕ್ಕರು. ಆಕೆ ಸಾರಿನ ಸೌಟು ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಹಿತ್ತಲಿಗೆ ಹೋಗುವುದನ್ನೇ ಬಿಟ್ಟಳು. ಹಿತ್ತಲಲ್ಲಿ ಯಾರೂ ಕಾಣದೆ ಅಕ್ಕಪಕ್ಕದವರು ಕರಿಬೇವನ್ನು ಅಂಗಡಿಯಿಂದ ತರತೊಡಗಿದರು.

ಈಗ ಆಕೆ ಮಂಕಾದಳು. ಊಟ ಸೇರದು, ಮಾತಿಲ್ಲ. ಅವನು ನೋಡಿದ, ಪಾಪ ಕೆಲಸ ಜಾಸ್ತಿಯಾಗಿದೆ ಎಂದುಕೊಂಡ. ಪಾತ್ರೆಗೆ ಒಬ್ಬಳನ್ನು ಇಟ್ಟ. ಇನ್ನಷ್ಟು ಮಂಕಾದಳು. ಅಡುಗೆಗೂ ಒಬ್ಬಳನ್ನು ಇಟ್ಟ. ಮಲಗುವ ಕೋಣೆಗೆ ದೊಡ್ಡ ಟಿವಿ ಬಂತು. ಗೊತ್ತಾಯಿತೇ ಅವನು ಏನು ಮಾಡುತ್ತಿದ್ದ? ನಿಮಿಷ ಏರಿಸುತ್ತಿದ್ದ.

ಮಳೆ ಬಂದ ಆ ಭಾನುವಾರ ಪಕ್ಕದ ಮನೆಯಾಕೆಯ ಮಾತಿಗೆ ನಾಚಿ ಅವನು ಟೈಮರ್ ನಿಲ್ಲಿಸಿ ಪೈಪು ಎತ್ತಿಡಲು ಬರಿಗಾಲಲ್ಲಿ ಹಿತ್ತಲಿಗಿಳಿದ. ಟೈಮರ್ ಹಾಕಿದ ಮೇಲೆ ನಲ್ಲಿ ದಾಟಿ ಗಿಡದ ಬುಡದವರೆಗೆ ಹೋದದ್ದು ಅದೇ ಮೊದಲು. ಕಾಲು ಕೆಸರಲ್ಲಿ ಹೂತಿತು. ಬೀಳದಿರಲು ಕರಿಬೇವಿನ ಕಾಂಡ ಹಿಡಿದ. ಅದು ಬುಡಸಮೇತ ಕೈಗೆ ಬಂತು. ಬೇರು ಕಪ್ಪಾಗಿತ್ತು, ಚರಂಡಿಯ ವಾಸನೆ ಹೊಡೆಯುತ್ತಿತ್ತು.

ಅದನ್ನು ಹಿಡಿದುಕೊಂಡೇ ಅವನು ಒಳಗೆ ಹೋದ. ಆಕೆ ಮಂಚದ ಮೇಲೆ ಗೋಡೆ ನೋಡುತ್ತ ಕೂತಿದ್ದಳು. ತಿರುಗಿ ಗಿಡ ನೋಡಿದಳು. ಅಳಲಿಲ್ಲ.

“ನಂಗೆ ಹೇಳಬಾರದಿತ್ತಾ?” ಎಂದ ಅವನು.

“ಹೇಳಿದ್ದೆ” ಎಂದಳು.

ಅವನು ಹೊಸ ಸಸಿ ತರುತ್ತೇನೆ, ಇನ್ನೊಳ್ಳೆಯದು ತರುತ್ತೇನೆ ಎಂದು ಒಂದೇ ಸಮನೆ ಮಾತಾಡಿದ. ಎಲ್ಲ ಮುಗಿಯುವವರೆಗೂ ಕಾದು ಆಕೆ, “ಇನ್ನು ನಂಗೇನೂ ತರಬೇಡಿ ರೀ, ಸಾಕಾಗಿದೆ” ಎಂದಳು. ಮತ್ತೆ ಗೋಡೆಯ ಕಡೆ ತಿರುಗಿದಳು.

ಕಥೆ ಮುಗಿಯಿತು. ಆಮೇಲೆ ಚಿಗುರಿತೇ ಸ್ವಾಮಿ ಎಂದು ಕೇಳಬೇಡಿ. ನಿಮ್ಮ ಸಮಾಧಾನಕ್ಕೆ ಒಂದು ಚಿಗುರು ಬಂತು ಎಂದು ಹೇಳಬಹುದಿತ್ತು. ಕೊಳೆತ ಬೇರು ಚಿಗುರುವುದಿಲ್ಲ. ಅವರಿಬ್ಬರೂ ಈಗಲೂ ಅದೇ ಮನೆಯಲ್ಲಿದ್ದಾರೆ. ಊಟ ಹೊತ್ತಿಗೆ ಸರಿಯಾಗಿ ಆಗುತ್ತದೆ. ಒಬ್ಬರಿಗೊಬ್ಬರು ಏನೂ ಕೇಳುವುದಿಲ್ಲ.

ಈಗ ನಿಮ್ಮ ಕಡೆ ಬರುತ್ತೇನೆ. ನಿಮ್ಮ ಮನೆಯಲ್ಲಿ ಎಷ್ಟು ಟೈಮರ್ ಇವೆ? ಬೆಳಗಾದರೆ ಹೂವಿನ ಚಿತ್ರದ ಶುಭೋದಯ ಎಲ್ಲರಿಗೂ ಕಳಿಸುತ್ತೀರಿ. ಅವರಲ್ಲಿ ಯಾರದಾದರೂ ದನಿ ಕೇಳಿ ಎಷ್ಟು ವರ್ಷವಾಯಿತು? ಇದೇ ಮಠದಲ್ಲಿ ಒಮ್ಮೆ ದುಡ್ಡು ಕಟ್ಟಿ, ವರ್ಷಕ್ಕೊಂದು ದಿನದ ಶಾಶ್ವತ ಪೂಜೆಗೆ ಬರೆಸಿದ್ದೀರಿ. ಆ ದಿನ ಬಂದರೆ ನಾವೇ ನಿಮ್ಮ ಹೆಸರು ಓದಿ ಮಂಗಳಾರತಿ ಎತ್ತುತ್ತೇವೆ, ನೀವು ಮಲಗಿರುತ್ತೀರಿ. ದೇವರ ನಲ್ಲಿಗೂ ಟೈಮರ್ ಹಾಕಿದ್ದೀರಿ, ಹಾಕಿಕೊಟ್ಟವರು ನಾವೇ.

ನನಗೆ ಹೆಚ್ಚು ಭರವಸೆಯಿಲ್ಲ. ಇಷ್ಟು ಕೇಳಿಯೂ ನಿಮ್ಮಲ್ಲಿ ಕೆಲವರು ಮನೆಗೆ ಹೋಗುವ ದಾರಿಯಲ್ಲಿ ಬಾಡಿದ ಮುಖದವರಿಗೆ ಏನಾದರೂ ಕೊಳ್ಳುತ್ತೀರಿ. ಕೊಳ್ಳಬೇಡಿ. ಬರಿಗೈಯಲ್ಲಿ ಹೋಗಿ. ಪಕ್ಕದಲ್ಲಿ ಕೂತು, ನಾನು ಮಾಡುತ್ತಿರುವುದರಲ್ಲಿ ನಿನಗೆ ಬೇಡದ್ದು ಯಾವುದು ಎಂದು ಕೇಳಿ. ಉತ್ತರ ಬರುವವರೆಗೆ ಬಾಯಿ ಮುಚ್ಚಿಕೊಂಡಿರಿ. ಬಂದ ಉತ್ತರಕ್ಕೆ ನಗಬೇಡಿ. ಮರುದಿನವೂ ಕೇಳಿ, ಏಕೆಂದರೆ ನಿನ್ನೆಯ ಮಣ್ಣು ಇಂದಿನ ಮಣ್ಣಲ್ಲ.

ಕಷ್ಟವೇ ಇದು? ಆ ಹೆಂಗಸು ದಿನಾ ಮಣ್ಣಿಗೆ ಬೆರಳು ಇಳಿಸಿ ನೋಡುತ್ತಿದ್ದ ಆಳ ಎರಡೇ ಇಂಚು.