ಬೀಗಕ್ಕೆ ಎಣ್ಣೆ ಹಚ್ಚುವವನು

ಇವತ್ತಿನ ಕಥೆಯಲ್ಲಿ ಶ್ರೀಮಂತ ಯಾರೂ ಇಲ್ಲ, ಶರಣರೇ. ಹಣ ತುಂಬಿದ ಒಂದು ಖಜಾನೆ ಇದೆ, ಅದೂ ಇಂಗ್ಲಿಷರದ್ದು. ಅವರ ಆಳ್ವಿಕೆಯಲ್ಲಿ ಒಂದು ಜಿಲ್ಲಾ ಖಜಾನೆಯನ್ನು ಒಬ್ಬ ಹಿರಿಯ ಕಾರಕೂನ ನೋಡಿಕೊಳ್ಳುತ್ತಿದ್ದ. ಮಹಾ ಜಾಣ. ಜಾಣರಿಗೇ ಹೀಗಾಗುವುದು, ನೋಡಿ.

ಅವನಿಗೆ ಬೇಕಾಗಿದ್ದು ಒಂದೇ. ಕಂದಾಯ ಕಟ್ಟಲು ಬಂದವರ ನಾಣ್ಯ ಖರೆಯೋ ಖೋಟಾನೋ ಎಂದು ಕಲ್ಲಿಗೆ ಬಡಿದು ನೋಡಲು ಇನ್ನೊಬ್ಬ ಪೋತದಾರ. ಇದ್ದವನು ಒಬ್ಬನೇ, ಅವನಿಗೂ ಮುಪ್ಪು. ಜನ ಅಂಗಳದ ಬಿಸಿಲಲ್ಲಿ ಬೇಯುತ್ತಿದ್ದರು. ಹೋದ ವರ್ಷ ಕಾರಕೂನನ ಸ್ವಂತ ಮಾವನೇ ಆ ಸಾಲಿನಲ್ಲಿ ಕುಸಿದು ಬಿದ್ದಿದ್ದ. ಹೆಂಡತಿ ಆಗಲೇ ಹೇಳಿಬಿಟ್ಟಿದ್ದಳು: "ಈ ಸಲಾನೂ ಅಪ್ಪಗ ಬವಳಿ ಬಂತಂದ್ರ, ಅವರ ಬಂಡ್ಯಾಗ ನಾನೂ ತವರಿಗೆ ಹೋಗ್ತೀನ್ರಿ."

ಬಜೆಟ್ಟಿನ ಕಾಲ ಬಂತು. ಒಬ್ಬ ಪೋತದಾರ ಬೇಕು ಎಂದು ಬರೆದರೆ ಸಾಕಿತ್ತು. ಅಷ್ಟನ್ನೇ ಬರೆದನೇ? ಇಲ್ಲ. ಮೇಲಿನವರು ಏನಾದರೂ ಕಡಿಯದೆ ಬಿಡುವುದಿಲ್ಲ, ಕಡಿಯುವುದಕ್ಕೆ ಒಂದಿಷ್ಟು ಹುಲ್ಲು ಹಾಕಿರಬೇಕು ಎನ್ನುವುದು ಕಚೇರಿಯ ರೂಢಿ. ಪೋತದಾರನ ಜೊತೆಗೆ ಪಂಖಾ ಎಳೆಯಲು ಒಬ್ಬ. ಬೀಗಗಳಿಗೆ ಎಣ್ಣೆ ಹಚ್ಚುವವನೊಬ್ಬ. ಪಹರೆಯವನು ತೂಕಡಿಸದಂತೆ ಪಹರೆ ಕಾಯುವವನೊಬ್ಬ. ಎಲ್ಲರ ಮುಂದೆಯೂ 'ಅತ್ಯವಶ್ಯ' ಎಂದು ಬರೆದು, ಬರೆಯುತ್ತಲೇ ನಕ್ಕ.

ಕಲೆಕ್ಟರ್ ಸಾಹೇಬ ಪಟ್ಟಿ ನೋಡಿದ. ಒಂದನ್ನು ಹೊಡೆದುಹಾಕಿದ. ಯಾವುದನ್ನು? ಪೋತದಾರನನ್ನು.

ಕಾರಕೂನ ಮೇಜಿನ ಹತ್ತಿರ ಸರಿದು ಕೈಮುಗಿದ. "ಸಾಹೇಬ್ರ, ಅವನೊಬ್ಬನ್ನ ಉಳಿಸ್ರಿ. ಉಳಿದವ್ರಿಲ್ಲದಿದ್ರೂ ನಡೀತೈತ್ರಿ."

ಸಾಹೇಬ ಪರೀಕ್ಷೆಗೆ ಕೂತು ಕಲಿತ ಕನ್ನಡದಲ್ಲಿ ಹೇಳಿದ: "ಪೋತದಾರ ಒಬ್ಬನು ಈಗಲೇ ಇರುತ್ತಾನೆ. ಎಣ್ಣೆ ಹಚ್ಚುವವನು ಒಬ್ಬನೂ ಇಲ್ಲ. ಉಳಿದವರು ಬೇಡವಾದರೆ ಅತ್ಯವಶ್ಯ ಎಂದು ಏಕೆ ಬರೆದಿರಿ?"

ಸುಳ್ಳು ಬರೆದೆ ಎಂದರೆ ನೌಕರಿ ಹೋಗುತ್ತದೆ. ಪಟ್ಟಿ ಮಡಚಿಕೊಂಡು ಹೊರಗೆ ಬಂದ.

ಕಂದಾಯದ ಕೊನೆಯ ದಿನ ಮಾವ ಬಂದ. ಅದೇ ಅಂಗಳ, ಅದೇ ಬಿಸಿಲು, ಅದೇ ಮುದಿ ಪೋತದಾರ. ಒಳಗೆ ಪಂಖಾ ಜೋರಾಗಿ ಬೀಸುತ್ತಿತ್ತು. ಒಬ್ಬ ಬೀಗಕ್ಕೆ ಎಣ್ಣೆ ಹಚ್ಚುತ್ತಿದ್ದ, ಇನ್ನೊಬ್ಬ ಪಹರೆಯವನನ್ನೇ ದಿಟ್ಟಿಸುತ್ತ ಕೂತಿದ್ದ. ಅವರಲ್ಲಿ ಒಬ್ಬರನ್ನಾದರೂ ನಾಣ್ಯದ ಮುಂದೆ ಕೂರಿಸೋಣವೆಂದರೆ ಕಾಯಿದೆ ಒಪ್ಪದು. ಮಾವ ಹೊಸ್ತಿಲ ತನಕ ಬಂದು, ಅಲ್ಲೇ ಕುಸಿದ. ಕಾರಕೂನ ಓಡಿ ಬಂದು ನೀರು ಕುಡಿಸಿದ. ಮಾವ ಕಣ್ಣು ಬಿಟ್ಟು, "ಅಳಿಯಂದ್ರ, ಬೀಗ ಭಾಳ ಛಲೋ ಹೊಳಿಯಾಕತ್ತಾವ" ಅಂದ.

ಸಂಜೆ ಬಂಡಿ ಹೊರಟಾಗ ಹೆಂಡತಿಯೂ ಹತ್ತಿ ಕೂತಳು. ಕಾರಕೂನನಿಗೆ ತಡೆಯುವ ಮುಖವಿರಲಿಲ್ಲ.

ನಗುತ್ತೀರಿ. ನಗಿ, ನಗಿ. ಬೆಳಿಗ್ಗೆ ದೇವರ ಮುಂದೆ ಕೈಮುಗಿದು ನೀವು ಓದುವ ಪಟ್ಟಿ ಯಾವುದು? ಮನೆಯಲ್ಲಿ ನೆಮ್ಮದಿ ಇರಲಿ ಎಂದು ಒಂದು ಸಾಲು. ಅದರ ಸುತ್ತ ಹುಲ್ಲು: ತಮ್ಮನ ಮನೆಗಿಂತ ಒಂದು ಮಹಡಿ ಹೆಚ್ಚಿರಲಿ, ಬೀಗರೆದುರು ಹೊಸ ಕಾರು ನಿಲ್ಲಲಿ. ಆ ದೇವರು ಮಹಡಿಯನ್ನೂ ಕಾರನ್ನೂ ಕೊಟ್ಟು ನೆಮ್ಮದಿಯನ್ನು ಹೊಡೆದುಹಾಕಿದರೆ ಯಾರನ್ನು ಕೇಳುತ್ತೀರಿ? ಅರ್ಜಿ ನಿಮ್ಮದೇ ತಾನೆ?

ಇವತ್ತಿನಿಂದ ಬೇಕಾದದ್ದನ್ನಷ್ಟೇ ಬಾಯಿಬಿಟ್ಟು ಕೇಳಿ. ದೇವರ ಹತ್ತಿರವೂ ಅಷ್ಟೇ, ಹೆಂಡತಿಯ ಹತ್ತಿರವೂ ಅಷ್ಟೇ. ನಿಮ್ಮನ್ನು ಯಾರಾದರೂ ಏನಾದರೂ ಬೇಕೆಂದು ಕೇಳಿದರೆ, ಕತ್ತರಿ ಎತ್ತುವ ಮುಂಚೆ 'ಇದರಲ್ಲಿ ಬಿಡಲಾಗದ್ದು ಯಾವುದಪ್ಪಾ' ಎಂದು ಒಂದು ಮಾತು ವಿಚಾರಿಸಿ.

ಮೊನ್ನೆ ನಮ್ಮ ಮಠದ ದಾಸೋಹ ಸಮಿತಿಯವರೂ ನನ್ನ ಮುಂದೆ ಉದ್ದದ ಪಟ್ಟಿ ಇಟ್ಟಿದ್ದರು. ವಿಚಾರಿಸದೆ ನಾನೂ ಒಂದು ಸಾಲು ಹೊಡೆದೆ. ಏಳಿ, ಪ್ರಸಾದಕ್ಕೆ ನಡೆಯಿರಿ. ಬಡಿಸುವವನು ಒಬ್ಬನೇ ಇದ್ದಾನೆ. ಶಾಮಿಯಾನದ ಅಂಚಿಗೆ ತೂಗುವ ಝಾಲರು ಮಾತ್ರ ಬಹಳ ಚೆನ್ನಾಗಿದೆ.