ಸತ್ತವರ ಹೆಸರು ಕೇಳಿದ ಡಾಕ್ಟ್ರಮ್ಮ

ನುಡಿನಮನದ ಸಭೆಗೆ ಬಂದಿರುವ ಹಿರಿಯರೇ, ಉಷಾರಾಣಿ ಮೇಡಂ ಅವರ ಯಜಮಾನರಾದ ಲಕ್ಷ್ಮೀಕಾಂತ್ ಸರ್, ಮಗಳು ಬಿಂದು, ಆದಿವಾಲದಿಂದ ಬಂದು ಹಿಂದಿನ ಸಾಲಿನಲ್ಲಿ ಕೂತಿರುವ ನಮ್ಮ ಜನಗಳೇ — ಎಲ್ಲರಿಗೂ ಶರಣು.

ನಾನು ದುರುಗೇಶ್, ಮದಕರಿಪುರದವನು. ಮೇಡಂ ಅರಿವಳಿಕೆ ಕೊಡುವ ಡಾಕ್ಟರು, ನಾನು ಆಪರೇಷನ್ ಥಿಯೇಟರಿಗೆ ಆಕ್ಸಿಜನ್ ಸಿಲಿಂಡರ್ ಉರುಳಿಸುವವನು. ಹತ್ತೊಂಬತ್ತು ವರ್ಷ ಜೊತೆಗಿದ್ದೆವು. ಇವತ್ತು ಒಂದೇ ಕತೆ ಹೇಳುತ್ತೇನೆ. ಇದನ್ನು ಮೊದಲು ಹೇಳಿದವಳು ಆದಿವಾಲದ ಈರಕ್ಕ — 2016ರ ಯುಗಾದಿ ಕಳೆದ ವಾರ, ಥಿಯೇಟರ್ ಬಾಗಿಲ ಬೆಂಚಿನ ಮೇಲೆ. ಇಲ್ಲಿ ಹೇಳಲು ಅವಳೇ ಒಪ್ಪಿದ್ದಾಳೆ. ಈಗ ಸೆರಗು ಎಳಕೊಂಡರೆ ಹೆಂಗೆ, ಈರಕ್ಕ?

ಅವತ್ತು ಅವಳ ಮಗಳು ಕಾವ್ಯಶ್ರೀಗೆ ಅಪೆಂಡಿಕ್ಸ್ ಆಪರೇಷನ್. ಮೇಡಂ ಎಲ್ಲರಿಗೂ ಕೇಳುವುದನ್ನೇ ಕೇಳಿದರು — "ನಿಮ್ಮ ಮನೇಲಿ ಯಾರಿಗಾದರೂ ಮತ್ತು ಬರಿಸಿದಾಗ ತೊಂದರೆ ಆಗಿತ್ತೇನಮ್ಮ?"

"ಯಾರ್ಗೂ ಇಲ್ರಿ."

ಮೇಡಂ ಒಳಗೆ ಹೋದರು. ಈರಕ್ಕ ನನ್ನ ಕೈ ಹಿಡಿದಳು. "ನಮ್ಮೋನು ಅಂತ ಹೇಳ್ತೀನಿ ಕಣಪ್ಪ. ನಮ್ಮಣ್ಣ ಗೊಲ್ಲಪ್ಪ ಆಪರೇಷನ್ ಟೇಬಲ್ ಮ್ಯಾಲೆ ಸತ್ತ. ದವಡೆ ಕಚ್ಕಂಡು, ಮೈ ಕೆಂಡ ಆಗಿತ್ತಂತೆ. ದೇವ್ರ ಹರಕೆ ತಪ್ಪಿತ್ತು. ಡಾಕ್ಟ್ರಮ್ಮಂಗೆ ಹೇಳ್ಬ್ಯಾಡ. ಕೊಯ್ಯೋ ಹೊತ್ನಾಗೆ ಸತ್ತೋರ ಸುದ್ದಿ ಎತ್ತಬಾರ್ದು."

ನಮ್ಮಲ್ಲಿ ಎತ್ತುವುದಿಲ್ಲ — ನಿಜ. ನಮ್ಮವ್ವನೂ ಎತ್ತುತ್ತಿರಲಿಲ್ಲ. ಆದರೆ ನಾನು ಒಳಗೆ ಓಡಿ ಹೇಳಿಬಿಟ್ಟೆ.

ಮೇಡಂ ಕೈಯಲ್ಲಿದ್ದ ಸಿರಿಂಜು ಕೆಳಗಿಟ್ಟರು. ಮತ್ತು ಬರಿಸುವ ಗಾಳಿ ಬೇಡ ಎಂದು ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಕಾವ್ಯಶ್ರೀ ಎಚ್ಚರವಾಗಿಯೇ ಇದ್ದು, "ಅಣ್ಣಾ, ಮುಗೀತಾ?" ಎಂದು ಹತ್ತು ಸಲ ನನ್ನ ತಲೆ ತಿಂದಳು.

ಆಮೇಲೆ ಮೇಡಂ ನನಗೆ ತಿಳಿಯುವ ಹಾಗೆ ಹೇಳಿದರು. ಕೆಲವು ವಂಶದವರಿಗೆ ಆ ಔಷಧಿ ತಾಗಿದರೆ ಮಾಂಸಖಂಡ ಬಿಗಿದು, ಮೈ ಒಳಗಿಂದಲೇ ಬೇಯುತ್ತದೆ. ಹರಕೆಯ ಮಾತಲ್ಲ, ಹುಟ್ಟಿನಿಂದ ಬಂದದ್ದು. "ಇವಳು ಉಳಿದಳು ದುರುಗೇಶ್. ಇವಳ ವಂಶದ ಬೇರೆಯವರು ಎಲ್ಲೆಲ್ಲಿದ್ದಾರೆ?"

ಎರಡು ವರ್ಷ ಹುಡುಕಿದರು. ಹೊಸದುರ್ಗ, ಹೊಳಲ್ಕೆರೆ — ಎಲ್ಲ ಮನೆಯಲ್ಲೂ ಮಜ್ಜಿಗೆ ಕೊಟ್ಟರು, ಸತ್ತವರ ಸುದ್ದಿ ಮಾತ್ರ ಕೊಡಲಿಲ್ಲ. ವಂಶದಲ್ಲಿ ದೋಷ ಅಂದರೆ ಹೆಣ್ಣು ಕೊಡುವವರು ಯಾರು?

ಕೊನೆಗೆ ನಾನೇ ಹೇಳಿದೆ — "ಮೇಡಂ, ಸುಗ್ಗಿ ಮುಗಿದ ಮೇಲೆ ಹೆಳವರು ಬರ್ತಾರೆ. ನಮ್ಮ ಮನೆತನದ ಹುಟ್ಟು-ಸಾವೆಲ್ಲ ಬರೆದಿಟ್ಟು ಓದಿ ಹೇಳೋರು. ಅವರ ಹತ್ರ ನಮ್ಮೋರು ಏನೂ ಮುಚ್ಚಿಡಲ್ಲ."

ಹೆಳವರು ಬಂದ ದಿನ ಆದಿವಾಲದ ಕಟ್ಟೆಯ ಮೇಲೆ, ಕಂಬಳಿ ಹಾಸಿ, ಹೀಗೆ — ಚಕ್ಕಳಮಕ್ಕಳ ಕೂತರು ಮೇಡಂ. ಈರಕ್ಕನ ದೊಡ್ಡಪ್ಪ ರೇವಣಸಿದ್ದಪ್ಪ ಗದರಿದ: "ಏನವ್ವ, ನಮ್ಮ ಮನೆ ಹೆಣ ಎಣಿಸಾಕೆ ಬಂದ್ಯಾ?"

"ಇನ್ನೊಂದು ಬೀಳಬಾರದು ಅಂತ ಬಂದೆ, ಯಜಮಾನ್ರೆ."

ಹೆಳವರ ಮುದ್ದಣ್ಣ ಎಲೆಗೆ ಸುಣ್ಣ ಸವರುತ್ತ, "ಸತ್ತೋರ್ನ ಹೇಳೋದು ನನ್ನ ಕಸುಬು. ಕೇಳಾಕೆ ಆಗ್ದಿದ್ರೆ ನೀನು ಕುರಿ ಹೊಡ್ಕಂಡು ಹೋಗಪ್ಪ" ಎಂದ. ಕೂತವರು ನಕ್ಕರು. ಪುಸ್ತಕ ಬಿಚ್ಚಿದ. ಐದು ತಲೆಮಾರು ಓದಿದ. ಆಪರೇಷನ್ ಟೇಬಲ್ ಮೇಲೆ ಹಾಗೆ ಮೈ ಕಾದು ಹೋದವರು ಮೂವರಿದ್ದರು. ಮೂರನೆಯವನು — ರೇವಣಸಿದ್ದಪ್ಪನ ಸ್ವಂತ ಮಗ. ಜ್ವರ ಬಂದು ಸತ್ತ ಎಂದು ಊರಿಗೆಲ್ಲ ಹೇಳಿದ್ದ.

ಇದು ಹುಟ್ಟಿನಿಂದ ವಂಶದಲ್ಲಿ ಬಂದದ್ದು ಎಂದು ಮೇಡಂ ಬಿಡಿಸಿ ಹೇಳಿದರು. ಮುದುಕ ಅವರ ಕಡೆ ತಿರುಗಿ ಕೇಳಿದ — "ಹಂಗಾದ್ರೆ... ನಾನು ಹರಕೆ ತಪ್ಪಿಸಿದ್ದಕ್ಕೆ ಅಲ್ವಾ ತಾಯಿ, ನನ್ನ ಮಗ ಹೋಗಿದ್ದು?"

"ಅಲ್ಲ ಯಜಮಾನ್ರೆ. ನಿಮ್ಮಿಂದ ಅಲ್ಲ."

ಮೇಡಂ ಆ ವಂಶದ ಮೇಲೆ ಸಂಶೋಧನೆ ಮಾಡಿದ್ದು, ದೊಡ್ಡ ದೊಡ್ಡ ಸಭೆಗಳಲ್ಲಿ ಓದಿದ್ದು ನಿಮಗೆ ಗೊತ್ತು. 'ಈ ಔಷಧಿ ನನಗೆ ಆಗದು' ಎಂದು ಅವರು ಬರೆದುಕೊಟ್ಟ ಚೀಟಿ ತೋರಿಸಿ ಇವತ್ತಿಗೆ ಹನ್ನೊಂದು ಜನ ಆಪರೇಷನ್ ಮುಗಿಸಿ ನಡೆದು ಮನೆಗೆ ಹೋಗಿದ್ದಾರೆ. ತುಂಬು ಕೆಲಸ ಮಾಡಿ ಹೋದರು ಮೇಡಂ. ನನಗೆ ಅಳು ಬರುತ್ತಿಲ್ಲ, ಬಿಂದು — ತಪ್ಪು ತಿಳಿಯಬೇಡ ತಾಯಿ.

ಆದರೆ ನನಗೆ ನೆನಪಿರುವುದು ಕಟ್ಟೆಯ ಮಾರನೆಯ ಬೆಳಗ್ಗೆ. ನಾನು ಡ್ಯೂಟಿಗೆ ಬಂದಾಗ ಆಸ್ಪತ್ರೆ ಗೇಟಿನಲ್ಲಿ ಎರಡು ಟೆಂಪೋ. ಐವತ್ತಮೂರು ಜನ, ಪರೀಕ್ಷೆಗೆ ರಕ್ತ ಕೊಡಲು ಸಾಲು ನಿಂತಿದ್ದರು. ಎಲ್ಲರಿಗಿಂತ ಮುಂದೆ ರೇವಣಸಿದ್ದಪ್ಪ, ಅಂಗಿ ತೋಳು ಮೇಲಕ್ಕೆ ಮಡಚಿಕೊಂಡು.

ಏಳ್ರಿ ಎಲ್ಲರೂ. ಮೇಡಂಗೋಸ್ಕರ ಎರಡು ನಿಮಿಷ — ಮಾತಿಲ್ಲದೆ ನಿಲ್ಲಾಣ.